ಹತ್ತನೇ ತನಕ ಬರುವ ಅಂಗಿ

ಜೂನ್ ತಿಂಗಳಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಲೆಯವರು ಹಂಚಿದ ನೀಲಿ ಬಟ್ಟೆಯ ಗಂಟುಗಳು ಮಂಚದ ಮೇಲೆ, ಮಂಚದ ಕೆಳಗೆ, ಜೋಳದ ಹಿಟ್ಟಿನ ಡಬ್ಬಿಯ ಮೇಲೂ ಕೂತಿರುತ್ತವೆ. ಚಿಂಚೋಳಿಯ ಸುತ್ತಲಿನ ಹಳ್ಳಿಗಳ ಹೆಚ್ಚಿನ ಶಾಲೆಗಳು ಏಳನೇ ಇಯತ್ತೆಗೆ ಮುಗಿಯುತ್ತವೆ. ಎಂಟನೇದಕ್ಕೆ ಇಲ್ಲಿಗೆ, ಚಿಂಚೋಳಿಗೇ ಬರಬೇಕು. ಅಲ್ಲಿಯವರೆಗೆ ಲಂಗ ಹಾಕಿಕೊಂಡು ಓಡಾಡಿದ ಹುಡುಗಿಯರಿಗೆ ಇಲ್ಲಿಂದ ಮುಂದೆ ಚೂಡಿದಾರ, ಮೇಲೊಂದು ವೇಲು. ಅವರ ಆ ಮೊದಲ ಚೂಡಿದಾರ ಹೊಲಿದುಕೊಡುವುದು ನನ್ನ ಕೆಲಸ.

ಬಟ್ಟೆ ತಂದ ತಾಯಂದಿರೆಲ್ಲ ಹೇಳುವುದು ಒಂದೇ ಮಾತು: "ಸಡ್ಲ ಹೊಲೀರಿ ಅಕ್ಕೋರೆ, ಹತ್ತನೇ ತನಕ ಬರಬೇಕು."

ನಾನು ಹಾಗೇ ಹೊಲಿಯುತ್ತೇನೆ. ಅಂಗಿಯ ಅಂಚಿನಲ್ಲಿ ಬಟ್ಟೆಯನ್ನು ಎರಡು ಸಲ ಒಳಗೆ ಮಡಚಿ ಹೊಲಿಗೆ ಹಾಕುತ್ತೇನೆ. ತೋಳಿಗೂ ಹಾಗೇ. ಒಂಬತ್ತನೇದಕ್ಕೆ ಹೋಗುವಾಗ ಹುಡುಗಿ ಬಂದು ಒಂದು ಮಡಿಕೆ ಬಿಚ್ಚಿಸಿಕೊಂಡು ಹೋಗುತ್ತಾಳೆ, ಹತ್ತನೇದಕ್ಕೆ ಇನ್ನೊಂದು. ಬಿಚ್ಚಿಸಲು ಬಂದವಳು ಶಾಲೆಯಲ್ಲಿದ್ದಾಳೆ ಎಂದು ತಿಳಿದುಕೊಳ್ಳುತ್ತೇನೆ. ಬಾರದವರ ಸುದ್ದಿ ಕೇಳಲು ಹೋಗುವುದಿಲ್ಲ.

ಅಳತೆ ತೆಗೆಯುವಾಗ ಹುಡುಗಿಯರು ಅಲುಗಾಡದೆ ನಿಲ್ಲಬೇಕಲ್ಲ, ಆಗ ನಾಲ್ಕು ಮಾತು ಹೇಳುವುದು ನನ್ನ ರೂಢಿ. ನೀರಿನ ಬಾಟ್ಲಿ ಒಯ್ಯಿ, ಪಾಯಖಾನೆಗೆ ಹೋಗಬೇಕಾದೀತೆಂದು ದಿನವೆಲ್ಲ ನೀರು ಕುಡಿಯದೆ ಕೂರಬೇಡ. ಮುಟ್ಟಿನ ದಿನ ಬಂದರೆ ಹೆದರಬೇಡ, ಅಂಗಿಯ ಒಳಗಿನ ಜೇಬಿನಲ್ಲಿ ಬಟ್ಟೆ ಇಟ್ಟುಕೋ. ಆ ಜೇಬು ನಾನೇ ಸೇರಿಸಿ ಹೊಲಿಯುತ್ತೇನೆ, ಯಾರೂ ಕೇಳದಿದ್ದರೂ. ವೇಲಿಗೆ ಎರಡೂ ಕಡೆ ಪಿನ್ನು ಚುಚ್ಚು, ಇಲ್ಲವಾದರೆ ಪಾಠ ಕೇಳುವುದು ಬಿಟ್ಟು ವೇಲು ಸರಿಮಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ಗೋಣು ಅಲ್ಲಾಡಿಸುತ್ತಾರೆ. ತಿಳಿಯಿತು ಅಂತ ನಂಬಿರುತ್ತೇನೆ.

ಆ ಹುಡುಗಿ ಬಂದದ್ದು ಜೂನ್ ಕೊನೆಗೆ. ಕುಂಚಾವರಂ ದಾಟಿ ಕಾಡಿನೊಳಗೆ ಹೋದರೆ ಸಿಗುವ ನಾಲ್ಕಾರು ಮನೆಗಳ ಊರಿನವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತಾಯಿ ಮುಂದೆ, ಈಕೆ ಹಿಂದೆ, ಈಕೆಯ ಕೈ ಹಿಡಿದು ಇನ್ನೊಬ್ಬಳು ಸಣ್ಣವಳು. ತಾಯಿ ಗಂಟು ಇಳಿಸಿ, ನೀರು ಕುಡಿದು, ಬಟ್ಟೆಯ ಮಾತು ಬಿಟ್ಟು ಬೇರೆಯದೇ ಶುರು ಮಾಡಿದಳು.

"ಹಾಸ್ಟೆಲಿನಾಗ ಇನ್ನಾ ಸೀಟ್ ಆಗಿಲ್ಲಂತ್ರಿ. ಎರಡನೇ ಲಿಸ್ಟಿನಾಗ ಹೆಸರು ಬರ್ತದ ಅಂದ್ರು. ಅಲ್ಲಿತನಕ ಈಕಿನ್ನ ನಿಮ್ಮ ಮನ್ಯಾಗ ಇಟ್ಕೊಳ್ರಿ ಅಮ್ಮಾ. ಕಸ ಹೊಡೀತಾಳ, ಭಾಂಡಿ ತಿಕ್ತಾಳ."

"ಕಸ ಹೊಡಿಲಿಕ್ಕಿ ಬಂದಾಳೋ, ಓದ್ಲಿಕ್ಕಿ ಬಂದಾಳೋ?" ಅಂದೆ.

"ಓದ್ಲಿಕ್ಕೇರಿ. ಆದ್ರ ಅವರಪ್ಪ ಒಂದು ಮಾತು ಹೇಳಿ ಕಳಿಸ್ಯಾನ. ನಮ್ಮೂರಾಗ ಏಳನೇದು ದಾಟಿ ಹುಡುಗೇರು ಯಾರೂ ಹೋಗಿಲ್ಲ. ಈಕಿ ಹೋಗಲಿ, ಆದ್ರ ಆಕಿ ಮ್ಯಾಲ ಒಂದೇ ಒಂದು ಮಾತು ಬಂತಂದ್ರ ಮರುದಿನ ಕರ್ಕೊಂಡು ಬರ್ತೀನಿ ಅಂದಾನ."

ಹುಡುಗಿ ಮುಖ ಮೇಲೆತ್ತಲಿಲ್ಲ. ಸಣ್ಣವಳು ಮಾತ್ರ ನನ್ನ ಮಶೀನಿನ ಚಕ್ರ ತಿರುಗಿಸಲು ಕೈ ಚಾಚಿ, ತಾಯಿಯಿಂದ ಏಟು ತಿಂದು, ಮತ್ತೆ ಕೈ ಚಾಚಿದಳು.

ನಮ್ಮ ಮನೆಯವರಿಗೆ ಸೇಡಂ ಕಡೆಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಮಗಳನ್ನು ವಾಡಿಗೆ ಕೊಟ್ಟಿದ್ದೇವೆ. ಹಿಂದಿನ ಖೋಲಿ ಖಾಲಿಯೇ ಇತ್ತು. "ಇರಲಿ ಬಿಡ್ರಿ," ಅಂದೆ. ತಾಯಿ ಹೊಸ್ತಿಲು ದಾಟುವಾಗ ತಿರುಗಿ, "ಸಡ್ಲ ಹೊಲೀರಿ, ಹತ್ತನೇ ತನಕ ಬರಬೇಕು," ಅಂದಳು. ಇಬ್ಬರೂ ನಕ್ಕೆವು.

ಮೊದಲ ದಿನ ಶಾಲೆಯ ಗೇಟಿನ ತನಕ ನಾನೇ ಹೋದೆ. ಬೋರಿನ ನಳದ ಹತ್ತಿರ ಹುಡುಗಿಯರ ಗುಂಪೊಂದು ನಿಂತಿತ್ತು. ನನ್ನ ಕಿವಿಗೆ ಬೀಳುವಷ್ಟು ಜೋರಾಗಿಯೇ ಒಬ್ಬಳು, "ಏ, ಆ ಅಂಗಿಯೊಳಗ ಯಾರರ ಅದಾರೇನು ನೋಡಬೇ!" ಅಂದಳು. ಇನ್ನೊಬ್ಬಳು, "ಅವರವ್ವ ಅದಾಳ ಒಳಗ," ಅಂದಳು. ಎಲ್ಲರೂ ಕೇಕೆ ಹಾಕಿ ನಕ್ಕರು. ನನ್ನ ಹುಡುಗಿ ತೋಳಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ಸಂಜೆ ಬಂದಾಗಲೂ ಮುಷ್ಟಿ ಹಾಗೇ ಇತ್ತು. ಬಾಟ್ಲಿಯ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು.

ಅಂಗಿ ಬಿಚ್ಚಿ ಕೊಡು ಅಂದೆ. ಎರಡೂ ಬದಿಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಮೈಗೆ ಸರಿಯಾಗಿ ಕೂರುವಂತೆ ಮಾಡಿದೆ. ಈಗ ಚಂದ ಕಾಣಬೇಕು, ಮುಂದೆ ದೊಡ್ಡದಾಗಬೇಕು. ಅದಕ್ಕೆ ಇದೊಂದೇ ದಾರಿ. ಈಕೆ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸೂಜಿ ಇಸಿದುಕೊಂಡು ಎರಡನೇ ಬದಿ ತಾನೇ ಹಾಕಿದಳು. ಹೊಲಿಗೆ ನೆಟ್ಟಗೆ ಬಂದಿತ್ತು.

ದಿನಾ ಸಂಜೆ ರೊಟ್ಟಿ ಬಡಿಯುವಾಗ ಆಕೆಯನ್ನು ಒಲೆಯ ಹತ್ತಿರ ಕೂರಿಸಿಕೊಳ್ಳುತ್ತಿದ್ದೆ. ರೊಟ್ಟಿ ಆಕೆಗೆ ಸೇರುತ್ತಿರಲಿಲ್ಲ, ಅನ್ನದ ಮಂದಿ. ಆದರೂ ಪುಂಡಿಪಲ್ಯದ ಜೊತೆ ಒಂದು ತಿನ್ನುವುದು ಕಲಿತಳು. ಮಾತು ಮಾತ್ರ ಚಿಮಟಿಗೆಯಿಂದ ಎಳೆದು ತೆಗೆದ ಹಾಗೆ.

"ಇವತ್ತು ಏನು ಕಲಿಸಿದ್ರು?"

"ಏನೋ ಕಲಿಸಿದ್ರು."

"ಏನೋ ಅಂದ್ರ?"

"ಬೆಲ್ ಹೊಡದ ಕೂಡ್ಲೆ ಒಬ್ಬರು ಹೋಗ್ತಾರ, ಇನ್ನೊಬ್ಬರು ಬರ್ತಾರ್ರಿ. ಯಾರು ಯಾವ ಪಾಠದವರು ಅಂತ ತಿಳಿಯೋದ್ರಾಗ ಅವರೂ ಹೋಗ್ತಾರ."

ಆಕೆಯ ಊರಿನಲ್ಲಿ ಎಲ್ಲ ಇಯತ್ತೆಗಳಿಗೂ ಒಬ್ಬರೇ ಮಾಸ್ತರರು. ಮಗು ಬರದಿದ್ದರೆ ಮನೆಗೇ ಹೋಗಿ ಕರೆದುಕೊಂಡು ಬರುವವರು. ಏಳು ವರ್ಷ ಒಂದೇ ಮುಖ ನೋಡಿ ಕಲಿತವಳಿಗೆ ಇಲ್ಲಿ ಒಂದೇ ದಿನದಲ್ಲಿ ಅಷ್ಟೊಂದು ಮುಖ. ಅದೂ ತುಂಬಿದ ವರ್ಗ, ಬೆಂಚಿನಲ್ಲಿ ಒತ್ತಿಕೊಂಡು ಕೂರುವಷ್ಟು ಮಕ್ಕಳು.

"ತಿಳೀಲಿಲ್ಲಂದ್ರ ಎದ್ದು ಕೇಳಬೇಕು," ಅಂದೆ.

"ದೊಡ್ಡೋರಿಗಿ ಎದುರು ಮಾತಾಡ್ತಾರೇನ್ರಿ?" ಅಂದಳು. ಹಟದಿಂದ ಕೇಳಿದ್ದಲ್ಲ, ಖರೇ ಗೊತ್ತಿಲ್ಲದೆ ಕೇಳಿದ್ದು.

ಮರುದಿನದಿಂದ ನಾನೇ ಮಾಸ್ತರಾದೆ. ಕೊರಳಿಗೆ ಟೇಪು, ಕೈಯಲ್ಲಿ ಮರದ ಸ್ಕೇಲು. ನೀರಿಗೆ ಹೋಗಲು ಹೇಗೆ ಕೇಳುವುದು, ಲೆಕ್ಕ ತಿಳಿಯದಿದ್ದರೆ ಹೇಗೆ ಕೇಳುವುದು, ತಡವಾಗಿ ಹೋದರೆ ಬಾಗಿಲಲ್ಲಿ ನಿಂತು ಏನು ಹೇಳುವುದು. ಹೊಲಿಸಲು ಬಂದವರು, "ಟೇಲರಮ್ಮಗ ಹುಚ್ಚು ಹಿಡೀತು," ಎಂದು ನಕ್ಕರು. ಆಕೆಯೂ ನಕ್ಕಳು. ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕಿದ್ದು ಅದೇ ಮೊದಲು.

ಜುಲೈ ಹೋಗುವುದರಲ್ಲಿ ಸ್ವಲ್ಪ ಹಗುರಾದಳು. ಬಾಟ್ಲಿ ಖಾಲಿಯಾಗಿ ಬರತೊಡಗಿತು. ಪಕ್ಕದಲ್ಲಿ ಕೂರುವ ಹುಡುಗಿಯೊಬ್ಬಳು ಅರ್ಧ ಪೆನ್ಸಿಲ್ ಮುರಿದು ಕೊಟ್ಟಳಂತೆ, ಅದನ್ನು ಎರಡು ಸಲ ಹೇಳಿದಳು. ಒಂದು ಸಂಜೆ ಎದ್ದು ನಿಂತು ಗೋಡೆಯ ಕಡೆ ಮುಖ ಮಾಡಿ, "ಲೆಕ್ಕದ ಸರ್ ಹಿಂಗ ಬೋರ್ಡಿನ ಕೂಡ ಮಾತಾಡ್ತಾರ್ರಿ, ನಮ್ಮ ಕೂಡ ಅಲ್ಲ," ಎಂದು ಗೊಣಗುಟ್ಟುತ್ತ ಗೋಡೆಯ ಮೇಲೆ ಬೆರಳಾಡಿಸಿ ತೋರಿಸಿದಳು. ನಾನು ನಕ್ಕು ನಕ್ಕು ರೊಟ್ಟಿ ಸುಟ್ಟೆ. ಈಕೆ ಶಾಲೆಯಲ್ಲಿ ನೆಲೆ ನಿಂತಳು, ಈ ಹುಡುಗಿ ಮಡಿಕೆ ಬಿಚ್ಚಿಸಿಕೊಳ್ಳಲು ಬರುತ್ತಾಳೆ ಎಂದು ಅವತ್ತು ಅಂದುಕೊಂಡೆ.

ಅಪ್ಪ ಬಂದದ್ದು ಆಗಸ್ಟಿನ ಒಂದು ಮಧ್ಯಾಹ್ನ. ಜಿಟಿಜಿಟಿ ಮಳೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊರೆದು ತಿಕ್ಕುವ ಕೆಲಸ ಅವನದು. ಚಿತ್ತಾಪುರ, ಸೇಡಂ ಎಂದು ಬಸ್ಸು ಬದಲಿಸುತ್ತ ಬಂದಿದ್ದ. ಮಳೆಯಲ್ಲಿ ತೋಯ್ದರೂ ಹುಬ್ಬಿನೊಳಗೆ ಕಲ್ಲಿನ ಬಿಳಿ ಪುಡಿ ಹಾಗೇ ಇತ್ತು. ಹೊಸ್ತಿಲ ಹೊರಗೇ ನಿಂತ.

"ಒಳಗ ಬರ್ರಿ, ಕುಂದ್ರಿ," ಅಂದೆ.

"ನಮ್ಮ ಪೋರಿ ಎಲ್ಲದಾಳ?"

"ಸಾಲಿಗಿ ಹೋಗ್ಯಾಳ."

"ಸಾಲಿಯವರು ಬರ್ಲಿಕತ್ತಿಲ್ಲ ಅಂತಾರ."

ನನಗೆ ತಿಳಿಯಲಿಲ್ಲ. ಅವನು ನಿಂತಲ್ಲೇ ಹೇಳಿದ. ಮುಂಜಾನೆ ಶಾಲೆಯಿಂದ ಫೋನ್ ಬಂದಿತ್ತು. ಇವನ ಕೈಗಳು ಫರಸಿ ತಿಕ್ಕುವ ರಾಡಿಯಲ್ಲಿ ಮುಳುಗಿದ್ದವು. ಮಗ್ಗುಲಿನವನು ಫೋನ್ ಎತ್ತಿ, ಮಶೀನಿನ ಸದ್ದಿನಲ್ಲಿ ಕೇಳಿಸಲೆಂದು ಸ್ಪೀಕರ್ ಹಚ್ಚಿ ಇವನ ಮುಖದ ಮುಂದೆ ಹಿಡಿದ. 'ನಿಮ್ಮ ಮಗಳು ಸಾಲಿ ಶುರುವಾದಾಗಿಂದ ಬಂದೇ ಇಲ್ಲ. ಹಿಂಗಾದ್ರ ಹೆಸರು ತೆಗೀಬೇಕಾಗ್ತದ.' ಅಲ್ಲಿ ಕೆಲಸ ಮಾಡುವವರಲ್ಲಿ ನಾಲ್ಕು ಮಂದಿ ಇವನ ಊರಿನವರೇ. ಎಲ್ಲರೂ ಕೇಳಿದರು. ಒಬ್ಬ ಆ ಕೂಡಲೇ ಊರಿಗೆ ಫೋನ್ ಹಚ್ಚಿದ.

"ದಿನಾ ನನ್ನ ಕಣ್ಣ ಮುಂದ ಡ್ರೆಸ್ ಹಾಕ್ಕೊಂಡು ಹೋಗ್ತಾಳ್ರಿ," ಅಂದೆ.

"ಹೋಗ್ತಾಳ. ಎಲ್ಲಿಗಿ ಹೋಗ್ತಾಳ?"

ಆ ಪ್ರಶ್ನೆ ಆಗಲೇ ಊರಲ್ಲಿ ಓಡಾಡುತ್ತಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ಮಶೀನಿಗೆ ಬಟ್ಟೆ ಹೊದಿಸಿ ಕೊಡೆ ತಗೊಂಡೆ. "ಬರ್ರಿ. ಎಲ್ಲದಾಳ ತೋರಸ್ತೀನಿ."

ವರ್ಗದ ಬಾಗಿಲಲ್ಲಿ ನಿಂತರೆ ಆಕೆ ಅಲ್ಲೇ ಇದ್ದಳು. ಹಿಂದಿನಿಂದ ಎರಡನೇ ಬೆಂಚು, ಗೋಡೆಯ ಪಕ್ಕ. ಅಪ್ಪನನ್ನು ನೋಡಿ ಎದ್ದು ನಿಂತಳು. ವರ್ಗದ ಸರ್ ಸಣ್ಣ ವಯಸ್ಸಿನವರು. ನಮ್ಮ ಮಾತು ಕೇಳಿ ಆಕೆಯ ಕಡೆ ನೋಡಿದರು. ಎಷ್ಟೋ ಹೊತ್ತು ನೋಡಿದರು. ಮೊದಲ ಸಲ ನೋಡುತ್ತಿದ್ದಾರೆಂದು ಎಲ್ಲರಿಗೂ ಕಾಣುತ್ತಿತ್ತು.

"ಹಾಜರಿ ಕರೆದಾಗ ಯಾಕ ಹೇಳಂಗಿಲ್ಲವ್ವಾ ನೀನು?"

"ನಾ ನಿಂದರ್ತೀನ್ರಿ ಸರ್," ಅಂದಳು. "ದಿನಾ ನಿಂದರ್ತೀನಿ."

ಕೈ ಮುಗಿದು ತೋರಿಸಿದಳು. ಆಕೆಯ ಊರಿನ ಶಾಲೆಯಲ್ಲಿ ಹಾಗೇ. ಮಾಸ್ತರರು ಹೆಸರು ಕರೆದರೆ ಮಗು ಎದ್ದು ಕೈ ಮುಗಿದು ನಿಲ್ಲಬೇಕು. ಅವರು ಮುಖ ನೋಡುತ್ತಾರೆ, ಉಗುರು, ತಲೆಗೂದಲು ನೋಡುತ್ತಾರೆ, ಕೂಡು ಅನ್ನುತ್ತಾರೆ. ಬಾಯಿ ತೆರೆಯುವುದು ಉದ್ಧಟತನ. ಇಲ್ಲಿ ಸರ್ ತಲೆ ಬಗ್ಗಿಸಿಕೊಂಡು ನಂಬರು ಕರೆಯುತ್ತಾರೆ. "ಪ್ರೆಸೆಂಟ್ ಸರ್" ಎಂಬ ಸದ್ದು ಬಂದರೆ ಬಂದ ಹಾಗೆ, ಬಾರದಿದ್ದರೆ ಇಲ್ಲದ ಹಾಗೆ. ಈಕೆ ಎದ್ದು ಕೈ ಮುಗಿಯುವಷ್ಟರಲ್ಲಿ ಅವರು ಮುಂದಿನ ನಂಬರಿಗೆ ಹೋಗಿರುತ್ತಿದ್ದರು.

"ಅಷ್ಟು ಮಂದಿ ಹೇಳೋದು ಕೇಳಲಿಲ್ಲೇನು ನೀನು?" ಅಂದರು ಸರ್.

"ಅವರು ಇಲ್ಲಿಯವರ್ರಿ," ಅಂದಳು.

ಪೆನ್ಸಿಲ್ ಕೊಟ್ಟ ಹುಡುಗಿಯೇ ಇರಬೇಕು, ಪಕ್ಕದವಳು ಎದ್ದಳು. "ಹೌದು ಸರ್, ದಿನಾ ನಿಂದರ್ತಾಳ. ನಾವು ನಗ್ತೀವಿ." ಇಷ್ಟು ಹೇಳಿ ತಾನೇ ಅಳತೊಡಗಿದಳು.

ಸರ್ ಕೆಟ್ಟವರಲ್ಲ. ಹೊರಗೆ ಬಂದು ಅಪ್ಪನ ಕೈ ಹಿಡಿದುಕೊಂಡು ಹೇಳಿದರು: "ನಂದೇ ತಪ್ಪಾತು. ಎಲ್ಲಾ ಸರಿ ಮಾಡ್ತೀನಿ. ಹುಡುಗಿ ಒಂದು ದಿನಾನೂ ಬಿಟ್ಟಿಲ್ಲ. ನೀವು ಚಿಂತಿ ಮಾಡಬ್ಯಾಡ್ರಿ."

ಅಪ್ಪ ಮಳೆಯ ಕಡೆ ನೋಡುತ್ತ ನಿಂತಿದ್ದ. "ಫೋನಿನಾಗ ಹೇಳಿದ್ದು ಎಲ್ಲರೂ ಕೇಳ್ಯಾರ್ರಿ ಸರ್. ಈಗ ಹೇಳೋದು ನಾ ಒಬ್ಬನೇ ಕೇಳ್ಲಿಕತ್ತೀನಿ."

"ಹಂಗಾದ್ರ ಮತ್ತ ಫೋನ್ ಹಚ್ರಿ," ನಾನು ಅಂದೆ. "ಅದೇ ಮಂದಿ ಮುಂದ ಹೇಳ್ರಿ."

ಸರ್ ಹಚ್ಚಿದರು. ಮಗ್ಗುಲಿನವನ ನಂಬರು ಅಪ್ಪನ ಫೋನಿನಲ್ಲಿತ್ತು. ಆ ಕಡೆಯಿಂದ ಕಲ್ಲು ಕೊರೆಯುವ ಸದ್ದು. ಸರ್ ಎಲ್ಲ ಬಿಡಿಸಿ ಹೇಳಿದರು, ಹುಡುಗಿ ದಿನಾ ಬರುತ್ತಾಳೆ, ತಪ್ಪು ನಮ್ಮದು ಎಂದು. ಆ ಮನುಷ್ಯ, "ಆತ್ರಿ ಸರ್, ಆತ್ರಿ," ಅಂದ. ಫೋನ್ ಇಡುವ ಮೊದಲು ಅವನು ಯಾರಿಗೋ, "ಈಗ ಮುಚ್ಚಿ ಹಾಕ್ಲಿಕತ್ತಾರ ನೋಡು," ಅಂದದ್ದೂ, ಇನ್ನೊಬ್ಬ ನಕ್ಕದ್ದೂ ನಮಗೆಲ್ಲ ಕೇಳಿಸಿತು. ಸರ್ ಫೋನನ್ನು ಜೇಬಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ನಿಂತರು.

ಬಸ್‌ಸ್ಟ್ಯಾಂಡಿನ ತನಕ ನಾನು ಬೇಡಿಕೊಳ್ಳುತ್ತಲೇ ಹೋದೆ. "ಆಕಿದು ತಪ್ಪಿಲ್ಲಂತ ನಿಮಗ ಗೊತ್ತಾತಲ್ರೀ."

"ಗೊತ್ತಾತ್ರಿ ಅಕ್ಕೋರೆ. ನನ್ನ ಪೋರಿ ಹಂಗಲ್ಲಂತ ಮೊದಲೇ ಗೊತ್ತಿತ್ತು. ಆದ್ರ ನಾಳೆ ಈಕಿನ್ನ ಲಗ್ನ ಮಾಡ್ಕೊಳ್ಳೋರು ನಾನಲ್ಲಲ್ಲ."

ಸಿಟ್ಟಿನಿಂದ ಹೇಳಿದ್ದರೆ ಜಗಳ ಆಡಬಹುದಿತ್ತು. ಅವನು ದಣಿದವನಂತೆ ಹೇಳಿದ. ಕ್ಯಾಂಟೀನಿನಿಂದ ಮಗಳಿಗೆ ಚಹಾ, ಬನ್ನು ತಂದುಕೊಟ್ಟ. ತಾನು ಏನೂ ತಗೊಳ್ಳಲಿಲ್ಲ. ಆಕೆ ಬನ್ನನ್ನು ಚಹಾದಲ್ಲಿ ಅದ್ದಿ ಪೂರಾ ತಿಂದಳು, ಹೇಳಿದ್ದನ್ನು ಮಾಡುವ ಮಗುವಿನ ಹಾಗೆ. ಕುಂಚಾವರಂ ಬಸ್ಸು ಬಂದಾಗ ನನ್ನ ಕಡೆ ತಿರುಗಿದಳು.

"ನಾ ಬಾಯಿಲೆ ಅಂದಿದ್ರ ಆಗ್ತಿತ್ತೇನ್ರಿ?"

ನಾನು ಆಕೆಯ ವೇಲಿನ ಪಿನ್ನು ಸರಿ ಮಾಡಿದೆ. ಆಗುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು.

ಅವಳು ಶಾಲೆಯ ಅಂಗಿಯಲ್ಲೇ ಹೋದಳು. ಹಿಂದಿನ ಖೋಲಿಯಲ್ಲಿ ಆಕೆಯ ಒಂದು ಜೊತೆ ಬಟ್ಟೆ, ಅರ್ಧ ಪೆನ್ಸಿಲ್ ಉಳಿದವು. ಆ ಕಡೆ ಹೋಗುವವರ ಕೈಯಲ್ಲಿ ಕಳಿಸಿಕೊಟ್ಟೆ. ಮುಂದಿನ ವಾರ ಹಾಸ್ಟೆಲಿನ ಸೀಟು ಬಂತು.

ಅಲ್ಲಿಂದ ನನ್ನ ಅಳತೆಯ ರೂಢಿಗೆ ಒಂದು ಹೊಸ ಕೆಲಸ ಸೇರಿತು. ಎಂಟನೇದಕ್ಕೆ ಹೊಲಿಸಲು ಬಂದ ಮಗುವನ್ನು ರಸ್ತೆಯ ಕಡೆಯ ಹೊಸ್ತಿಲಲ್ಲಿ ನಿಲ್ಲಿಸುತ್ತೇನೆ. ನಾನು ಒಳಗೆ ಮಶೀನಿನ ಮುಂದೆ ತಲೆ ಬಗ್ಗಿಸಿ ಕೂತು, ಪೆಡಲು ತುಳಿಯುತ್ತಲೇ ನಂಬರು ಕರೆಯುತ್ತೇನೆ. ಮಶೀನಿನ ಸದ್ದು ದಾಟಿ "ಪ್ರೆಸೆಂಟ್" ಎಂಬುದು ನನಗೆ ಕೇಳಿಸಬೇಕು. ಕೇಳಿಸುವ ತನಕ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಕೆಲವರು ಒಂದೇ ಸಲಕ್ಕೆ ಹೇಳುತ್ತಾರೆ. ಕೆಲವರು ಹೇಳಲು ಮೂರು ಸಲ ಬಂದು ಹೋಗುತ್ತಾರೆ. ತಾಯಂದಿರು, "ಇದೇನ್ರಿ, ಅಂಗಿ ಹೊಲೀತೀರೋ ನೌಕರಿಗಿ ತಗೊಳ್ತೀರೋ?" ಎಂದು ರೇಗಿಸುತ್ತಾರೆ. ರೇಗಿಸಲಿ ಬಿಡಿ. ಬಸ್‌ಸ್ಟ್ಯಾಂಡಿನ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ಮೂರು ವರ್ಷ ಕಳೆದು, ಈ ವರ್ಷದ ಜೂನಿನಲ್ಲಿ ಆ ಹುಡುಗಿಯೇ ಬಂದಳು. ಸೀರೆ ಉಟ್ಟಿದ್ದಳು, ಕೊರಳಲ್ಲಿ ಕರಿಮಣಿ. ಹತ್ತನೇದು ಮುಗಿಸಿ ಮುಂದೇನು ಎಂದು ಕೇಳಿಕೊಂಡು ಬರಬೇಕಾದ ವಯಸ್ಸು. ಹಿಂದೆ ಎತ್ತರಕ್ಕೆ ಬೆಳೆದ ಹುಡುಗಿಯೊಬ್ಬಳು. ನನ್ನ ಮಶೀನಿನ ಚಕ್ರ ನೋಡಿ ಕೈ ಚಾಚಿದ್ದರಿಂದ ಗುರುತು ಹಿಡಿದೆ, ಆ ಸಣ್ಣವಳೇ.

"ಯಾವಾಗ ಆತವ್ವಾ?" ಎಂದು ಕರಿಮಣಿಯ ಕಡೆ ನೋಡಿ ಕೇಳಿದೆ.

"ಹೋದ ವರ್ಷ್ರಿ."

"ವಯಸ್ಸೆಷ್ಟಂತ ಯಾರೂ ಕೇಳಲಿಲ್ಲೇನು?"

"ಅಲ್ಲಿ ಯಾರು ಕೇಳ್ತಾರ್ರಿ." ಅಷ್ಟಕ್ಕೇ ಆ ಮಾತು ಮುಗಿಸಿದಳು. "ಈಕಿಗಿ ಹಾಸ್ಟೆಲ್ ಸೀಟ್ ಮೊದಲೇ ಮಾಡಿಸೀನಿ. ಅಪ್ಪನ ಕೂಡ ಭಾಳ ಜಗಳ ಆತು. ಹೊಸ ಬಟ್ಟಿ ಇನ್ನಾ ಕೊಟ್ಟಿಲ್ಲಂತ, ಅಲ್ಲಿತನಕ ಇದು ಆಗ್ತದೇನ್ ನೋಡ್ರಿ."

ಚೀಲದಿಂದ ತೆಗೆದದ್ದು ನಾನು ಹೊಲಿದ ಅಂಗಿ. ಬಣ್ಣ ಹೋಗಿ ಬೂದಿಯಂತಾಗಿತ್ತು. ಬೆನ್ನಿನ ಮೇಲೆ ಬಿಸಿಲಿಗೆ ಬಟ್ಟೆ ತೆಳುವಾಗಿತ್ತು. ಕಳೆ ತೆಗೆಯಲು, ತೊಗರಿ ಕೊಯ್ಯಲು ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುತ್ತಿದ್ದಳಂತೆ, ನಮ್ಮ ಕಡೆ ಹೆಂಗಸರು ಗಂಡಸರ ಅಂಗಿ ಹಾಕಿಕೊಳ್ಳುವ ಹಾಗೆ. ಬದಿಯ ಕಚ್ಚಾ ಹೊಲಿಗೆ ಎಂದೋ ಬಿಚ್ಚಿತ್ತು. ಅಂಚಿನ ಎರಡು ಮಡಿಕೆಗಳು ಮಾತ್ರ ನಾನು ಹಾಕಿದ ಹಾಗೇ ಇದ್ದವು.

ಸಣ್ಣವಳು ಅಕ್ಕನಿಗಿಂತ ಎತ್ತರ. ಎರಡೂ ಮಡಿಕೆ ಬಿಚ್ಚಬೇಕಾಯಿತು. ಬ್ಲೇಡಿನಿಂದ ದಾರ ಕತ್ತರಿಸಿ ಬಟ್ಟೆಯನ್ನು ಕೆಳಗೆಳೆದೆ. ಒಳಗಿನ ಬಟ್ಟೆ ಆವತ್ತು ತಂದ ಹಾಗೇ ಕಡುನೀಲಿಯಾಗಿತ್ತು. ಬೂದಿ ಬಣ್ಣದ ಅಂಗಿಯ ಕೆಳಗೆ ಒಂದು ಗೇಣು ಹೊಸ ನೀಲಿ ಪಟ್ಟಿ.

"ಇದು ಕಾಣ್ತದಲ್ರೀ," ಅಂದಳು ಸಣ್ಣವಳು. "ನಗ್ತಾರ."

"ನಗ್ಲಿ," ಅಂದಳು ಅಕ್ಕ.

ಇಸ್ತ್ರಿ ಮಾಡಿ ಹುಡುಗಿಗೆ ತೊಡಿಸಿದೆ. ಎಲ್ಲರಿಗೂ ಹೇಳುವಂತೆ ಈಕೆಗೂ ಹೊಸ್ತಿಲಿಗೆ ಹೋಗಿ ನಿಲ್ಲು ಅಂದೆ. ಯಾಕೆ ಎಂದು ಅಕ್ಕ ಕೇಳಲಿಲ್ಲ. ನಾನು ಮಶೀನಿನ ಮುಂದೆ ಕೂತು, ತಲೆ ಬಗ್ಗಿಸಿ, ಪೆಡಲು ತುಳಿಯುತ್ತ ನಂಬರು ಕರೆದೆ.

ಹುಡುಗಿ ಏನೋ ಅಂದಳು. ಮಶೀನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಮತ್ತೆ ಕರೆದೆ. ಈ ಸಲ ಸ್ವಲ್ಪ ಕೇಳಿಸಿದ ಹಾಗಾಯಿತು. ಕಣ್ಣ ತುದಿಯಲ್ಲಿ ನೋಡಿದರೆ, ಎರಡೂ ಕೈ ಎದೆಯ ಹತ್ತಿರ ಬಂದು ಮುಗಿದಿದ್ದವು.

ಅಕ್ಕ ಎದ್ದು ಹೋಗಿ ಆ ಕೈಗಳನ್ನು ಹಿಡಿದು ಕೆಳಗೆ ಇಳಿಸಿದಳು. "ಕೈ ಬ್ಯಾಡ," ಅಂದಳು. "ಜೋರಾಗಿ ಅನ್ನು. ಅವರು ತಲಿ ಎತ್ತಂಗಿಲ್ಲ."

ನಾನು ತಲೆ ಎತ್ತಲಿಲ್ಲ. ಪೆಡಲನ್ನು ಇನ್ನೂ ಜೋರಾಗಿ ತುಳಿಯುತ್ತ ಮತ್ತೆ ಕರೆದೆ.